ನಾಲ್ಕನೇ ಮಡಿಯ ಮಣ್ಣು

ಅವಳಿಗೆ ಬುಗುರಿ ಎಂದು ಹೆಸರಿಟ್ಟವಳು ಹೆತ್ತ ತಾಯಿಯೇ. ಊಟಕ್ಕೆ ಕೂತರೆ ನಾಲ್ಕು ತುತ್ತಿಗೊಮ್ಮೆ ಏಳುತ್ತಿದ್ದಳು, ಓದಲು ಕೂತರೆ ಕಿಟಕಿಗೆ ಓಡುತ್ತಿದ್ದಳು, ಮಲಗಿದರೂ ಪಾದ ಮಾತ್ರ ಅಲ್ಲಾಡುತ್ತಲೇ ಇರುತ್ತಿತ್ತು. ವಯಸ್ಸು ಐವತ್ತಾರಾದರೂ ಆ ಗುಣ ಬಿಟ್ಟುಹೋಗಿರಲಿಲ್ಲ. ಬಸ್ಸಿಗೆ ಕಾಯುವುದು ಅವಳಿಂದಾಗದ ಕೆಲಸ. ಬಸ್ಸು ಬರುವಷ್ಟರಲ್ಲಿ ಮುಂದಿನ ಎರಡು ನಿಲ್ದಾಣ ನಡೆದೇಬಿಟ್ಟಿರುತ್ತಿದ್ದಳು. ಇಂಥವಳಿಗೆ ಗಂಟುಬಿದ್ದ ಉದ್ಯೋಗವಾದರೂ ಎಂಥದ್ದು! ಇಡೀ ದಿನ ಕುರ್ಚಿಗೆ ಅಂಟಿಕೊಂಡು, ಉಸಿರು ಬಿಗಿಹಿಡಿದು, ಒಣಮಣ್ಣಿನೊಳಗಿನ ಕೂದಲೆಳೆಯಂಥ ಬೇರುಗಳನ್ನು ಚಿಮಟದಿಂದ ಹೆಕ್ಕುವುದು.

ಇಪ್ಪತ್ಮೂರು ವರ್ಷದ ಹಿಂದೆ ಮಣ್ಣು ಜರಡಿ ಹಿಡಿಯುವ ದಿನಗೂಲಿಯ ಕೆಲಸಕ್ಕೆಂದು ಅವಳು ಆ ಸಂಶೋಧನಾ ಕೇಂದ್ರಕ್ಕೆ ಬಂದಿದ್ದಳು. ಗಂಡ ಅದಾಗಲೇ ಅಲ್ಲಿ ಟ್ರ್ಯಾಕ್ಟರ್ ಡ್ರೈವರ್. ಒಂದು ತಿಂಗಳಲ್ಲಿ ಓಡಿಹೋಗುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದರು. ಆದರೆ ಚಿಮಟ ಕೈಗೆ ಬಂದ ಮೊದಲ ದಿನವೇ ಒಂದು ವಿಚಿತ್ರ ನಡೆಯಿತು. ಬೆಳಗ್ಗೆ ಕೂತವಳು ಮಧ್ಯಾಹ್ನದ ಗಂಟೆ ಹೊಡೆದದ್ದೂ ಗೊತ್ತಾಗದೆ ಕೂತೇ ಇದ್ದಳು. ಮೈಯ ಚಡಪಡಿಕೆಯೆಲ್ಲ ಇಳಿದು ಎರಡು ಬೆರಳ ತುದಿಯಲ್ಲಿ ಸೇರಿಕೊಂಡಂತಿತ್ತು. ಆಮೇಲೆ ಕೆಲಸ ಕಾಯಂ ಆಯಿತು. ಬೇರು ಹೆಕ್ಕುವುದರ ಜೊತೆಗೆ ಮಣ್ಣನ್ನು ಮೈದಾ ಹಿಟ್ಟಿನಷ್ಟು ನುಣ್ಣಗೆ ಅರೆಯುವುದು, ಆಸಿಡ್ಡಿನಲ್ಲಿ ತೊಳೆದು ಸುಣ್ಣದ ಅಂಶ ತೆಗೆಯುವುದು, ಉಗುರಿಗಿಂತ ಚಿಕ್ಕ ತವರದ ಬಟ್ಟಲಿಗೆ ಇಪ್ಪತ್ತೈದು ಮಿಲಿಗ್ರಾಂ ತೂಗಿ, ಬಟ್ಟಲನ್ನು ಮಡಚಿ ಉಂಡೆ ಕಟ್ಟುವುದು, ಎಲ್ಲವೂ ಅವಳದೇ ಆಯಿತು. ಆ ಉಂಡೆಗಳನ್ನು ಪಕ್ಕದ ಕೋಣೆಯ ಯಂತ್ರ ಸುಟ್ಟು, ಹೊರಟ ಅನಿಲವನ್ನು ತೂಗಿ, ಒಂದೊಂದಕ್ಕೂ ಒಂದೊಂದು ಅಂಕಿ ಕೊಡುತ್ತಿತ್ತು. ಯಂತ್ರ ನೋಡಿಕೊಳ್ಳುವವನನ್ನು ಎಲ್ಲರೂ ಮಿಷನ್ ಮೇಷ್ಟ್ರು ಎನ್ನುತ್ತಿದ್ದರು. ಯಂತ್ರಕ್ಕೆ ನೆಗಡಿಯಾದರೆ ತಾನೂ ಸೀನುವ ಪೈಕಿ ಆತ.

ಅವಳು ಬಂದ ವರ್ಷವೇ ಶುರುವಾದ ಕೇಂದ್ರದ ದೊಡ್ಡ ಪ್ರಯೋಗ ಅವಳ ಸುಮಾರು ಅರ್ಧ ಆಯುಷ್ಯ ನುಂಗಿತ್ತು. ಅದು ಕೇಳಲು ಸುಲಭ. ಇಂಗಾಲದಲ್ಲಿ ಎರಡು ಬಗೆ. ಒಂದು ಹಗುರ, ಇನ್ನೊಂದು ಕೂದಲಷ್ಟು ಭಾರ. ನೂರಕ್ಕೆ ಒಂದರಷ್ಟು ಮಾತ್ರ ಇರುವ ಆ ಭಾರದ್ದೂ ಕೆಡುವುದಿಲ್ಲ, ಸವೆಯುವುದಿಲ್ಲ. ಗೋಧಿಗಿಂತ ಮೆಕ್ಕೆಜೋಳ ಈ ಭಾರದ ಇಂಗಾಲವನ್ನು ತುಸು ಹೆಚ್ಚಾಗಿ ಮೈಗೂಡಿಸಿಕೊಳ್ಳುತ್ತದೆ. ತಲೆಮಾರುಗಳಿಂದ ಗೋಧಿ ಬೆಳೆದ ನೆಲದಲ್ಲಿ ಒಂದು ವರ್ಷ ಇದ್ದಕ್ಕಿದ್ದಂತೆ ಮೆಕ್ಕೆಜೋಳ ಬಿತ್ತಲು ಶುರುಮಾಡಿದರೆ, ಅಲ್ಲಿಂದಾಚೆ ಮಣ್ಣಿಗೆ ಸೇರುವ ಕೊಳೆತ ಬೇರು, ಎಲೆ, ದಂಟುಗಳಿಗೆಲ್ಲ ಬೇರೆಯದೇ ಗುರುತು. ವರ್ಷ ಕಳೆದಂತೆ ಹಳೆಯ ಗೋಧಿಯ ಅಂಶ ಎಷ್ಟು ಉಳಿಯಿತು, ಹೊಸ ಜೋಳದ್ದು ಎಷ್ಟು ಸೇರಿತು ಎಂದು ಆ ಗುರುತು ಹೇಳುತ್ತದೆ. ಗೋಧಿ ನೆಲದ ಅಂಕಿ ಮೈನಸ್ ಇಪ್ಪತ್ತಾರು. ಜೋಳ ಸೇರುತ್ತ ಹೋದಂತೆ ಅದು ಇಪ್ಪತ್ತೈದು, ಇಪ್ಪತ್ನಾಲ್ಕು, ಇಪ್ಪತ್ಮೂರು ಎಂದು ಮೆಲ್ಲಗೆ ಸರಿಯುತ್ತದೆ. ಪ್ರಯೋಗದ ನೆಲವನ್ನು ಆರು ಮಡಿಗಳಾಗಿ, ಅಂದರೆ ತುಂಡುಗಳಾಗಿ, ವಿಂಗಡಿಸಿ ಮೂರು ವರ್ಷಕ್ಕೊಮ್ಮೆ ಮಣ್ಣು ತೆಗೆದು ನೋಡುತ್ತಿದ್ದರು. ಕಾಗದದ ಮೇಲಿನ ಆ ಗೆರೆಯ ಪ್ರತಿಯೊಂದು ಚುಕ್ಕಿಯೂ ಬುಗುರಿಯ ಬೆರಳು ದಾಟಿ ಹೋಗಿತ್ತು.

ಆ ವರ್ಷದ ಅಂಕಿಗಳು ಬಂದ ದಿನ ಮೇಡಂ ಅವಳನ್ನು ತಮ್ಮ ಕೋಣೆಗೆ ಕರೆದರು. ಮೇಡಂ ಆ ಪ್ರಯೋಗದ ಮುಖ್ಯಸ್ಥೆ, ಬುಗುರಿಗಿಂತ ಹತ್ತು ವರ್ಷ ಚಿಕ್ಕವರು, ಮಾತಿನಲ್ಲಿ ಮೃದು. ಆವತ್ತು ಇನ್ನೂ ಮೃದುವಾಗಿದ್ದರು. ಅಷ್ಟರಲ್ಲೇ ಬುಗುರಿಗೆ ಏನೋ ಎಡವಟ್ಟಾಗಿದೆ ಎಂದು ವಾಸನೆ ಬಡಿಯಿತು.

"ಅಕ್ಕ, ಕೂತ್ಕೊಳ್ಳಿ."

"ಇಲ್ಲ ಮೇಡಂ, ಹೇಳಿ, ನಿಂತೇ ಇರ್ತೀನಿ."

"ಒಂದು, ಎರಡು, ಮೂರು, ಐದು, ಆರು ಎಲ್ಲಾ ಮಡಿನೂ ಸರಿಯಾಗಿದೆ. ನಾಲ್ಕನೇ ಮಡಿ ಮಾತ್ರ… ಹೋದ ಸಲ ಇಪ್ಪತ್ತೊಂದು ಪಾಯಿಂಟ್ ಎಂಟು ಇತ್ತು. ಈ ಸಲ ಇಪ್ಪತ್ತೈದು ಪಾಯಿಂಟ್ ನಾಲ್ಕು."

"ಹಿಂದಕ್ಕೆ ಹೋಗಿದೆಯಾ?"

"ಇಪ್ಪತ್ತು ವರ್ಷ ಹಿಂದಕ್ಕೆ. ಕೊಳೆತು ಹೋದ ಹಳೆ ಗೋಧಿ ಮತ್ತೆ ಎದ್ದು ಬಂದ ಹಾಗಿದೆ."

ಬುಗುರಿ ಮೇಜಿನ ಮೇಲಿದ್ದ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ತೆಗೆದಳು. ಮೇಡಂ ಆ ಪೆನ್ನನ್ನೇ ನೋಡುತ್ತ ಹೇಳಿದರು.

"ಗೋಧಿ ಥರದ್ದೇ ಗುರುತಿರೋ ಕಳೆಗಿಡದ ಬೇರು ಉಳಿದುಬಿಟ್ರೆ ಅಂಕಿ ಹೀಗೆ ಆಗಬಹುದು. ನಾನು ತಪ್ಪು ಅಂತ ಹೇಳ್ತಿಲ್ಲ ಅಕ್ಕ. ನಿಮ್ಮ ಕಣ್ಣು… ಇತ್ತೀಚೆಗೆ ಡಾಕ್ಟರ್ ಹತ್ರ ತೋರಿಸಿದ್ರಾ?"

ಅವಳ ಮುಖಕ್ಕೆ ರಾಚಿದಂತಾಯಿತು. ಕೈ ತಪ್ಪಿದೆ ಎಂದಿದ್ದರೆ ಸಹಿಸುತ್ತಿದ್ದಳೇನೋ. ಎರಡು ವರ್ಷದಲ್ಲಿ ಎರಡು ಸಲ ಕನ್ನಡಕ ಬದಲಾಯಿಸಿದ್ದು, ಸಂಜೆಯ ಹೊತ್ತು ಬೀದಿದೀಪಗಳ ಸುತ್ತ ಹತ್ತಿಯ ಉಂಡೆಯಂಥ ಬೆಳಕು ಕಾಣುತ್ತಿದ್ದದ್ದು, ಅದನ್ನು ಯಾರಿಗೂ ಹೇಳದೆ ಬಾಯಿ ಮುಚ್ಚಿಕೊಂಡಿದ್ದದ್ದು, ಎಲ್ಲವೂ ಅವಳಿಗೆ ಗೊತ್ತಿತ್ತು. ಮೇಡಂಗೂ ಗೊತ್ತಿತ್ತೆಂದು ಈಗಷ್ಟೇ ತಿಳಿಯಿತು.

"ಮತ್ತೆ ನೋಡ್ತೀನಿ," ಎಂದಷ್ಟೇ ಹೇಳಿ ಹೊರಬಂದಳು. ಕಾರಿಡಾರಿನ ಆ ತುದಿಯಿಂದ ಈ ತುದಿಗೆ ಆರು ಸಲ ನಡೆದಳು. ಏಳನೇ ಸಲ ಮಿಷನ್ ಮೇಷ್ಟ್ರು ಬಾಗಿಲಿನಿಂದ ತಲೆ ಹೊರಹಾಕಿ, "ಅಕ್ಕ, ನೆಲ ಸವೆಯುತ್ತೆ," ಎಂದ. ಅವಳು ನಗಲಿಲ್ಲ.

ಮನೆಯಲ್ಲಿ ಆವತ್ತು ಅವಳ ಕಾಲಿಗೆ ಬಿಡುವಿರಲಿಲ್ಲ. ಒಗೆದ ಬಟ್ಟೆಯನ್ನು ಮಡಚಿಟ್ಟು, ಮತ್ತೆ ಬಿಚ್ಚಿ ಮಡಚಿದಳು. ಕಪಾಟಿನ ಡಬ್ಬಗಳನ್ನೆಲ್ಲ ಇಳಿಸಿ ಒರೆಸಿದಳು. ಒಂದೂವರೆ ವರ್ಷದ ಹಿಂದೆ ನಿವೃತ್ತನಾದ ಗಂಡ, ಮಂಡಿಗೆ ಎಣ್ಣೆ ಹಚ್ಚಿಕೊಂಡು ಹೊಸ್ತಿಲ ಬಳಿಯ ಕುರ್ಚಿಯಲ್ಲಿ ಕೂತಿದ್ದ.

"ಏನೇ ಇದು, ಮನೆ ಖಾಲಿ ಮಾಡ್ತಿದೀವಾ?"

"ನಾಲ್ಕನೇ ಮಡಿ ಅಂಕಿ ಕೆಟ್ಟಿದೆ ರೀ. ನನ್ನ ಕಣ್ಣಿನ ಮೇಲೆ ಬಂದಿದೆ."

ಅವನು ಎಣ್ಣೆಯ ಕೈ ಅಲ್ಲೇ ನಿಲ್ಲಿಸಿದ. ಏನೋ ಕೇಳುವವನಂತೆ ಬಾಯಿ ತೆರೆದ. ಆಮೇಲೆ, "ಮಣ್ಣು ತಾನೇ, ಒಂದೊಂದು ವರ್ಷ ಒಂದೊಂದು ಥರ," ಎಂದು ಮತ್ತೆ ಮಂಡಿ ಉಜ್ಜತೊಡಗಿದ. ಅವಳು ಆಗ ಅದನ್ನು ಗಮನಕ್ಕೆ ತಂದುಕೊಳ್ಳಲಿಲ್ಲ.

ಮಾರನೆಯ ದಿನದಿಂದ ಅವಳು ನಾಲ್ಕನೇ ಮಡಿಯ ಐದು ಕುಳಿಗಳ ಐದೂ ಡಬ್ಬಿಗಳಿಂದ ಉಳಿದ ಮಣ್ಣು ತೆಗೆದು ಮತ್ತೆ ಶುರುಮಾಡಿದಳು. ಮಿಷನ್ ಮೇಷ್ಟ್ರು ಎಲ್ಲಿಂದಲೋ ದೀಪವಿರುವ ದೊಡ್ಡ ಭೂತಗನ್ನಡಿಯೊಂದನ್ನು ತಂದು ಮೇಜಿಗೆ ಬಿಗಿದುಕೊಟ್ಟ. ಅದರ ಕೆಳಗೆ ತಟ್ಟೆ ಹಿಡಿದದ್ದೇ ತಡ, ಅವಳು ಚಿಮಟ ಕೈಗೆತ್ತಿಕೊಂಡಳು. ತಾನು ಚೊಕ್ಕ ಮಾಡಿದೆ ಎಂದುಕೊಂಡಿದ್ದ ಮಣ್ಣಿನಲ್ಲಿ ಬೆಳ್ಳನೆಯ ಎಳೆಗಳು. ಒಂದು. ಎರಡು. ಮೂಲೆಯಲ್ಲಿ ಮತ್ತೊಂದು. ಒಟ್ಟು ಏಳು ಬೇರು! ಮೊದಲಾಗಿದ್ದರೆ ಒಂದು ಉಳಿದರೂ ನಿದ್ದೆಗೆಡುವ ಹೆಂಗಸು. ಆ ಏಳನ್ನೂ ಹೆಕ್ಕಿ ಒಂದು ಕಾಗದದ ಮೇಲೆ ಸಾಲಾಗಿ ಇಟ್ಟು ನೋಡುತ್ತ ಕೂತಳು. ಯಾರೂ ಕೋಣೆಯಲ್ಲಿರಲಿಲ್ಲ. ಕಾಗದವನ್ನು ಮಡಚಿ ಕಸದಬುಟ್ಟಿಗೆ ಹಾಕಿದ್ದರೆ ಮುಗಿಯುತ್ತಿತ್ತು. ಕೈ ಅಷ್ಟು ದೂರ ಹೋಗಿ ವಾಪಸ್ಸೂ ಬಂತು. ಕೊನೆಗೆ ಮಣ್ಣನ್ನು ಮತ್ತೆ ಅರೆದು, ತೊಳೆದು, ಹೊಸ ಉಂಡೆ ಕಟ್ಟಿ, ಆ ಕಾಗದವನ್ನೂ ಹಿಡಿದು ಮೇಷ್ಟ್ರ ಹತ್ತಿರ ಹೋದಳು.

"ಏಳು ಬಿಟ್ಟಿದ್ದೆ. ತೆಗೆದಿದೀನಿ. ಈಗ ಹಾಕಿ ನೋಡಿ."

ಯಂತ್ರ ತನ್ನ ಸಮಯ ತೆಗೆದುಕೊಂಡಿತು. ಅವಳು ಅಷ್ಟು ಹೊತ್ತೂ ಅದರ ಹಿಂದೆ ಮುಂದೆ ಸುಳಿದಾಡಿದಳು. ಒಮ್ಮೆ ಕಿಟಕಿ ತೆರೆದಳು, ಯಂತ್ರಕ್ಕೆ ಗಾಳಿ ಆಗದು ಎಂದು ಮೇಷ್ಟ್ರು ಕೂಗಿದ್ದಕ್ಕೆ ಮುಚ್ಚಿದಳು. ಅಂಕಿ ಬಂತು. ಇಪ್ಪತ್ತೈದು ಪಾಯಿಂಟ್ ಎರಡು.

"ಏಳು ಬೇರಿಗೆ ಪಾಯಿಂಟ್ ಎರಡರಷ್ಟು ಬದಲಾಗಿದೆ ಅಷ್ಟೇ," ಎಂದ ಮೇಷ್ಟ್ರು, "ಮೂರೂವರೆ ಚಿಲ್ಲರೆ ಹೋಗಿರೋದು ಇದರಿಂದ ಅಲ್ಲ ಅಕ್ಕ. ಇದು ನಿಮ್ಮ ಮೇಲೆ ಬರಲ್ಲ."

ಅವಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಈ ತಪ್ಪು ತನ್ನದಲ್ಲ, ಆದರೆ ಏಳು ಬೇರು ತನ್ನವೇ. ಹಾಗಾದರೆ ಇದು ಯಾರದ್ದು? ಮೂರು ವರ್ಷದ ಹಿಂದಿನ ಮಣ್ಣಿನ ಡಬ್ಬಿ ದಾಸ್ತಾನಿನಲ್ಲಿ ಇತ್ತು. ಅದನ್ನು ಇಳಿಸಿ, ಧೂಳು ಒರೆಸಿ, ಹೊಸದಾಗಿ ತೂಗಿ ಕೊಟ್ಟಳು. ಆಗಿನ ಅಂಕಿಯೇ ಮತ್ತೆ ಬಂತು, ಇಪ್ಪತ್ತೊಂದು ಪಾಯಿಂಟ್ ಎಂಟು. ಯಂತ್ರ ಸರಿ, ಆಸಿಡ್ ಸರಿ, ತೂಕ ಸರಿ. ಮಣ್ಣೇ ಬೇರೆ. ಒಂದೇ ಜಾಗದ ಮಣ್ಣು ಮೂರು ವರ್ಷದಲ್ಲಿ ಬೇರೆಯಾಗುವುದಾದರೂ ಹೇಗೆ? ಜಾಗ ಒಂದೇ ಆಗಿದ್ದರೆ ತಾನೇ!

ಯೋಚನೆ ಬಂದ ಮರುಗಳಿಗೆ ಅವಳು ಎದ್ದಿದ್ದಳು. ಕಪಾಟಿನ ತಳದಲ್ಲಿ ಮೊದಲ ವರ್ಷದ ಹೊಲದ ಪುಸ್ತಕವಿತ್ತು, ಅವಳದೇ ಗುಂಡುಗುಂಡು ಅಕ್ಷರ. ಆಗ ಯಾರೋ ಅಳೆದು ಹೇಳುತ್ತ ಹೋಗಿದ್ದರು, ಅವಳು ಬರೆದುಕೊಂಡಿದ್ದಳು. 'ನಾಲ್ಕನೇ ಮಡಿ: ತಲೆಯ ಗೂಟ, ನೀರಿನ ತೊಟ್ಟಿಯ ಮೂಲೆಯಿಂದ ಹದಿನಾರು ಮೀಟರ್.' ಉಳಿದ ಮಡಿಗಳು ಒಂದೇ ಕಡೆ ಸಾಲಾಗಿದ್ದವು. ನಾಲ್ಕನೆಯದು ಮಾತ್ರ ಗಾಡಿದಾರಿಯ ಆಚೆ ಒಂಟಿಯಾಗಿತ್ತು. ಅದರ ತಲೆಯ ಕಡೆ, ಹೋಲಿಕೆಗೆಂದು ಇಂದಿಗೂ ಗೋಧಿಯನ್ನೇ ಬೆಳೆಯುವ ಪಟ್ಟಿ. ಮಣ್ಣು ತೆಗೆಯುವಾಗ ಪ್ರತಿ ಸಲ ಗೂಟದಿಂದ ಎರಡು ಮೀಟರ್ ಒಳಗೆ ಅಡ್ಡಸಾಲಿನಲ್ಲಿ ಐದು ಕುಳಿ.

ಮಧ್ಯಾಹ್ನದ ಸುಡುಬಿಸಿಲಲ್ಲಿ ಅಳತೆಯ ಟೇಪು ಹಿಡಿದು ಹೊರಟಳು. ಟೇಪಿನ ಒಂದು ತುದಿಯನ್ನು ತೊಟ್ಟಿಯ ಮೂಲೆಗೆ ಕಲ್ಲಿಟ್ಟು ಒತ್ತಿ, ಗೂಟದವರೆಗೆ ಎಳೆದುಕೊಂಡು ಹೋದಳು. ಇಪ್ಪತ್ತು. ಕನ್ನಡಕ ತೆಗೆದು ಒರೆಸಿ ನೋಡಿದಳು. ಇಪ್ಪತ್ತೇ. ಗೂಟ ನಾಲ್ಕು ಮೀಟರ್ ನಡೆದು ಗೋಧಿಯ ಪಟ್ಟಿಯೊಳಗೆ ಬಂದು ನಿಂತಿತ್ತು. ಐದೂ ಕುಳಿಗಳು ಬಿದ್ದದ್ದು ಗೋಧಿಯ ನೆಲದಲ್ಲಿ. ಜೋಳದ ಬಿತ್ತನೆಯೂ ಅದೇ ಗೂಟ ನೋಡಿಕೊಂಡು ಆಗಿತ್ತು. ಹಾಗಾಗಿ ಮೇಲಿಂದ ನೋಡಿದವರಿಗೆ ಗೊತ್ತಾಗುವಂತೆಯೂ ಇರಲಿಲ್ಲ.

ಗೂಟಗಳಿಗೆ ಕಾಲಿರುವುದಿಲ್ಲ. ಸಿಮೆಂಟಿನ ಬುಡ ಹಾಕಿ ನೆಟ್ಟ ಗೂಟವನ್ನು ಅಲ್ಲಾಡಿಸಲು ಟ್ರ್ಯಾಕ್ಟರೇ ಬೇಕು. ಆ ಹೊಲದಲ್ಲಿ ಇಪ್ಪತ್ತೊಂದೂವರೆ ವರ್ಷ ಟ್ರ್ಯಾಕ್ಟರ್ ಓಡಿಸಿದವನು ಒಬ್ಬನೇ. ಮಂಡಿ ಉಜ್ಜುತ್ತಿದ್ದ ಕೈ ನಿಂತದ್ದು ಈಗ ನೆನಪಿಗೆ ಬಂತು.

ಬಸ್ಸು ಹತ್ತದೆ ಮನೆಯವರೆಗೂ ನಡೆದಳು. ದಾರಿಯುದ್ದಕ್ಕೂ ಜಗಳದ ಮಾತುಗಳನ್ನು ಜೋಡಿಸಿಕೊಂಡಿದ್ದಳು. ಬಾಗಿಲು ದಾಟಿದ್ದೇ ಒಂದೂ ನೆನಪಾಗಲಿಲ್ಲ.

"ನಾಲ್ಕನೇ ಮಡಿ ಗೂಟ ಯಾವಾಗ ಕಿತ್ತಿದ್ರಿ?"

ಗಂಡ ಅವಳ ಮುಖ ನೋಡಲಿಲ್ಲ. "ಯಾವ ಗೂಟ?"

"ರೀ."

ಅವನು ಮಂಡಿಯ ಮೇಲೆ ಪಂಚೆ ಎಳೆದುಕೊಂಡ. ಆಮೇಲೆ ನಿಧಾನವಾಗಿ ಶುರುಮಾಡಿದ.

"ಕೊನೇ ವರ್ಷ. ರಿವರ್ಸ್ ತಗೊಳ್ವಾಗ ಹಿಂದಿನ ಚಕ್ರಕ್ಕೆ ಸಿಕ್ತು. ಮಂಡಿ ನೋವಿಗೆ ಬ್ರೇಕ್ ಒತ್ತೋದು ಸ್ವಲ್ಪ ತಡ ಆಯ್ತು. ಗೂಟ ಮುರಿದೇ ಹೋಯ್ತು, ಬುಡ ಮಣ್ಣಲ್ಲೇ ಹೂತುಹೋಯ್ತು. ಬೇರೆ ಗೂಟ ತಂದು ಅಂದಾಜಿನ ಮೇಲೆ ನೆಟ್ಟೆ."

"ಅಂದಾಜು!"

"ಕಣ್ಣಳತೆ ತಪ್ಪಲ್ಲ ಅಂದ್ಕೊಂಡೆ. ನಿವೃತ್ತಿಗೆ ಆರು ತಿಂಗಳು ಇತ್ತು ಕಣೆ. ಮಂಡಿ ಹೋಗಿದೆ ಅಂತ ಗೊತ್ತಾಗಿದ್ರೆ ಅವತ್ತೇ ಇಳಿಸಿಬಿಡೋರು ಟ್ರ್ಯಾಕ್ಟರಿಂದ. ನಾಲ್ಕು ಹೆಜ್ಜೆ ಮಣ್ಣಲ್ಲಿ ಏನು ಮಹಾ ವ್ಯತ್ಯಾಸ ಅಂತ…"

"ನಾಲ್ಕು ಹೆಜ್ಜೆ ಅಂದ್ರೆ ಇಪ್ಪತ್ತು ವರ್ಷ ರೀ!" ಅವಳ ದನಿ ಏರಿತು. "ಈ ಕಡೆ ಮಣ್ಣು ಬೇರೆ, ಆ ಕಡೆ ಮಣ್ಣು ಬೇರೆ. ಅದನ್ನ ತೋರಿಸೋಕೇ ನಾನು ಇಷ್ಟು ವರ್ಷ ಬೆನ್ನು ಬಗ್ಗಿಸಿ ಕೂತಿದ್ದು. ಮೊನ್ನೆ ನನ್ನ ಕಣ್ಣಿನ ಮೇಲೆ ಬಂದಿದೆ ಅಂದೆ. ಆಗಲಾದ್ರೂ ಬಾಯಿ ಬಿಡಬಾರದಿತ್ತಾ?"

ಅವನು ಮಂಡಿ ಹಿಡಿದುಕೊಂಡು ಎದ್ದು ಹಿತ್ತಲಿಗೆ ಹೋದ. ಅಲ್ಲೇ ನಿಂತಿದ್ದರೆ ಜಗಳವಾದರೂ ಆಗುತ್ತಿತ್ತು. ಅವಳು ಒಳಗೆ ಹೋಗಿ, ಹೊರಗೆ ಬಂದು, ಮತ್ತೆ ಒಳಗೆ ಹೋದಳು. ತಾನೂ ಎರಡು ವರ್ಷದಿಂದ ಕಣ್ಣಿನ ಮಾತು ಬಚ್ಚಿಟ್ಟುಕೊಂಡೇ ಬಂದಿದ್ದಳಲ್ಲ, ಅದೇ ಭಯಕ್ಕೆ, ಕುರ್ಚಿಯಿಂದ ಎಬ್ಬಿಸಿಬಿಡುತ್ತಾರೆಂಬ ಭಯಕ್ಕೆ. ಅದು ನೆನಪಾಗಿ ಅವಳ ಸಿಟ್ಟು ಅರ್ಧಕ್ಕೇ ನಿಂತಿತು. ಇಳಿಯಲಿಲ್ಲ, ಏರಲೂ ಇಲ್ಲ. ಎರಡು ದಿನ ಗಂಡ ಹೆಂಡತಿ ಊಟ ಬಡಿಸಲು ಎಷ್ಟು ಬೇಕೋ ಅಷ್ಟೇ ಮಾತಾಡಿದರು. ಕೇಂದ್ರದಲ್ಲಿ ಮೇಡಂ ಎದುರಾದಾಗಲೆಲ್ಲ ಅವಳು ಬೇರೆ ದಾರಿ ಹಿಡಿದಳು. ಹೇಳಿದರೆ ಗಂಡನ ಹೆಸರು ಹೋಗುತ್ತದೆ, ಹೇಳದಿದ್ದರೆ ಇಡೀ ಗೆರೆಯೇ ಸುಳ್ಳಾಗುತ್ತದೆ. ನೀರಿನ ಲೋಟ ಕೈಯಲ್ಲಿ ಹಿಡಿದು ಕುಡಿಯಲು ಮರೆಯುತ್ತಿದ್ದಳು.

ಮೂರನೇ ಬೆಳಗ್ಗೆ ಅವಳು ಹೊರಡುವಾಗ ಗಂಡ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದ.

"ನಡಿ. ನಾನೇ ಹೇಳ್ತೀನಿ."

ಅವನ ಮಂಡಿಗಾಗಿ ಆವತ್ತು ಅವಳು ಬಸ್ಸಿಗೆ ಕಾದಳು. ಇಪ್ಪತ್ತು ನಿಮಿಷ, ಹತ್ತು ಸಲ ರಸ್ತೆ ಇಣುಕಿ.

ಮೇಡಂ ಎಲ್ಲವನ್ನೂ ಕೇಳಿದರು. ಆ ಮೃದು ಮಾತಿನವರು ಹಾಗೆ ಕೆಂಪಾಗಬಹುದೆಂದು ಬುಗುರಿಗೆ ಗೊತ್ತೇ ಇರಲಿಲ್ಲ.

"ಒಂದು ಮಾತು ಅವತ್ತೇ ಹೇಳಿದ್ರೆ ಅರ್ಧ ಗಂಟೆ ಕೆಲಸ ಆಗಿತ್ತು. ಈಗ ಈ ಅಂಕಿ ಬಂದ ದಿನವೇ ನಮ್ಮ ಜೊತೆ ಕೆಲಸ ಮಾಡೋ ನಾಲ್ಕು ಕೇಂದ್ರಕ್ಕೆ ಹೋಗಿದೆ. ಎಲ್ಲರಿಗೂ ಪತ್ರ ಬರೀಬೇಕು, ನಮ್ಮ ತಪ್ಪು ಅಂತ."

"ನನ್ನ ತಪ್ಪು ಅಂತ ಬರೀರಿ," ಎಂದ ಗಂಡ, ಟೋಪಿಯನ್ನು ಕೈಯಲ್ಲಿ ಹಿಂಡುತ್ತ.

"ಹಾಗೆ ಬರೆಯೋಕಾಗಲ್ಲ. ಪ್ರಯೋಗ ನನ್ನದು. ಗೂಟ ಸರಿಯಾಗಿದೆಯಾ ಅಂತ ನಾನೂ ಅಳೆದಿಲ್ಲ." ಮೇಡಂ ಕನ್ನಡಕ ತೆಗೆದಿಟ್ಟು ಕಣ್ಣುಜ್ಜಿಕೊಂಡರು. "ಹಳೇ ಬುಡ ಎಲ್ಲಿದೆ ಅಂತ ತೋರಿಸ್ತೀರಾ?"

ತೋರಿಸುವುದು ಹೇಳಿದಷ್ಟು ಸುಲಭವಾಗಲಿಲ್ಲ. ಟೇಪು ಹಿಡಿದು ಹದಿನಾರು ಮೀಟರ್ ಅಳೆದ ಜಾಗದಲ್ಲಿ ಅವನು ಕಬ್ಬಿಣದ ಸರಳಿನಿಂದ ಚುಚ್ಚಿ ನೋಡಿದ. ಬರೀ ಮಣ್ಣು. ಒಂದು ಗೇಣು ಆಚೆ, ಒಂದು ಗೇಣು ಈಚೆ. ಕುಕ್ಕರುಗಾಲಲ್ಲಿ ಕೂರಲಾಗದೆ ನೆಲಕ್ಕೇ ಕೂತು, ಕುಂಡೆ ಸರಿಸಿಕೊಂಡು ಚುಚ್ಚುತ್ತ ಹೋದ. ಬುಗುರಿ ಅವನ ಸುತ್ತ ಸುತ್ತುತ್ತಿದ್ದಳು. "ಇಲ್ಲಿ ನೋಡಿ, ಅಲ್ಲಲ್ಲ, ಇಲ್ಲಿ." "ಒಂದು ಕಡೆ ನಿಂತ್ಕೋ ಮಾರಾಯ್ತಿ, ನೀನು ತಿರುಗ್ತಾ ಇದ್ರೆ ನನಗೆ ತಲೆ ತಿರುಗುತ್ತೆ!" ಎಂದು ಅವನು ಗದರಿದ. ಮೂರು ದಿನದಲ್ಲಿ ಅವರಿಬ್ಬರ ನಡುವೆ ಬಂದ ಮೊದಲ ಉದ್ದನೆಯ ಮಾತು ಅದೇ. ಕೊನೆಗೆ ಸರಳು ಠಣ್ ಎಂದಿತು. ಮಣ್ಣು ಕೆರೆದಾಗ ಸಿಮೆಂಟಿನ ಬುಡ, ಅದರೊಳಗೆ ಮುರಿದ ಗೂಟದ ತುಂಡು ಸಿಕ್ಕಿತು.

ಅಲ್ಲಿಂದ ಎರಡು ಮೀಟರ್ ಒಳಗೆ ಹೊಸದಾಗಿ ಐದು ಕುಳಿ ತೆಗೆದರು. ಮಣ್ಣು ಒಣಗಬೇಕು, ಜರಡಿಯಾಗಬೇಕು, ಬೇರು ಹೆಕ್ಕಬೇಕು. ಡಬ್ಬಿಗಳನ್ನು ತನ್ನ ಮೇಜಿಗೆ ತಂದಿಟ್ಟಾಗ ಬುಗುರಿ ಅವನ್ನು ತೆರೆಯಲಿಲ್ಲ. ಮೇಡಂ ಹತ್ತಿರ ಹೋದಳು.

"ಇದನ್ನ ಬೇರೆಯವರ ಕೈಲಿ ಹೆಕ್ಕಿಸಿ ಮೇಡಂ. ಗೂಟದ ವಿಷಯ ಬೇರೆ. ನನ್ನ ಕಣ್ಣಿನ ಬಗ್ಗೆ ನೀವು ಹೇಳಿದ್ದು ಸುಳ್ಳಲ್ಲ. ಏಳು ಬೇರು ಬಿಟ್ಟಿದ್ದೆ."

"ಮೇಷ್ಟ್ರು ಹೇಳಿದ್ರು."

"ಹೇಳಿಬಿಟ್ರಾ!"

"ನೀವೇ ಕಾಗದದಲ್ಲಿ ಇಟ್ಕೊಂಡು ಹೋದ್ರಂತಲ್ಲ," ಮೇಡಂ ಒಂದು ವಾರದಲ್ಲಿ ಮೊದಲ ಸಲ ನಕ್ಕರು. "ಡಾಕ್ಟರ್ ಹತ್ರ ಹೋಗಿ ಬನ್ನಿ ಅಕ್ಕ. ಕುರ್ಚಿ ಎಲ್ಲಿಗೂ ಹೋಗಲ್ಲ."

ಕಣ್ಣಿನ ಡಾಕ್ಟರು ದೀಪ ಹಾಕಿ ನೋಡಿ, ಎರಡೂ ಕಣ್ಣಲ್ಲಿ ಪೊರೆ, ಬಲಗಣ್ಣಿಗೆ ಮೊದಲು ಆಪರೇಷನ್ ಎಂದರು. ಆಪರೇಷನ್ನಿಗೆ ಅವಳು ಹೆದರಲಿಲ್ಲ. ಹೆದರಿಸಿದ್ದು ಡಾಕ್ಟರ ಕೊನೆಯ ಮಾತು. ಒಂದು ವಾರ ಬಗ್ಗುವಂತಿಲ್ಲ, ಎತ್ತುವಂತಿಲ್ಲ, ಸುಮ್ಮನೆ ಕೂರಬೇಕು. "ಸುಮ್ಮನೆ ಕೂರೋದಾ? ಇವಳಾ?" ಎಂದು ಗಂಡ ಡಾಕ್ಟರ ಎದುರಿಗೇ ಜೋರಾಗಿ ನಕ್ಕುಬಿಟ್ಟ.

ಆ ವಾರ ಅವಳು ಕಣ್ಣಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿಕೊಂಡು, ಅಡುಗೆಮನೆಯಿಂದ ಹೊಸ್ತಿಲಿಗೆ, ಹೊಸ್ತಿಲಿನಿಂದ ಅಡುಗೆಮನೆಗೆ ನೆಟ್ಟಗೆ, ಬಗ್ಗದೆ ನಡೆದಳು. ನಾಲ್ಕನೇ ದಿನ ಮೇಡಂ ಫೋನು ಮಾಡಿದರು. ನಾಲ್ಕನೇ ಮಡಿಯ ಹೊಸ ಅಂಕಿ ಇಪ್ಪತ್ತೊಂದು ಪಾಯಿಂಟ್ ಮೂರು. ಉಳಿದ ಮಡಿಗಳ ಪಕ್ಕದಲ್ಲಿ ಬಂದು ಕೂತಿತ್ತು. ತಪ್ಪು ಜಾಗದ ಆ ಮಣ್ಣಿನಿಂದ, ಎರಡೇ ಬೆಳೆಯಲ್ಲಿ ಜೋಳದ್ದು ಎಷ್ಟು ಸೇರುತ್ತದೆಂದು ತಿಳಿಯಬಹುದೇನೋ ಎಂದೂ ಮೇಡಂ ಯೋಚಿಸಿದ್ದರಂತೆ. ಮೊದಲೇ ಅಳೆದಿಡದ ಜಾಗದ ಲೆಕ್ಕ ನಂಬುವಂತಿಲ್ಲ ಎಂದು ತಾವೇ ಕೈಬಿಟ್ಟರಂತೆ. ಪತ್ರಗಳು ಹೋಗಿದ್ದವು. ಒಂದು ಕಡೆಯಿಂದ ಖಾರವಾದ ಉತ್ತರವೂ ಬಂದಿತ್ತು. ಫೋನು ಇಟ್ಟ ಮೇಲೆ ಗಂಡ ಏನೆಂದು ಕಣ್ಣಲ್ಲೇ ಕೇಳಿದ. "ಸರಿಹೋಯ್ತಂತೆ," ಎಂದಳು. ಅವನು ತಲೆ ತಗ್ಗಿಸಿ, ಮತ್ತೇನೂ ಕೇಳದೆ ಎದ್ದು ಟೀಗೆ ನೀರಿಟ್ಟ.

ಕೆಲಸಕ್ಕೆ ಮರಳಿದ ದಿನ ಅವಳು ಭೂತಗನ್ನಡಿಯನ್ನು ಪಕ್ಕಕ್ಕೆ ಸರಿಸಿ, ಹೊಸ ಕಣ್ಣಿನಲ್ಲಿ, ತಾನೇ ಎರಡು ವರ್ಷದ ಹಿಂದೆ ಚೊಕ್ಕ ಮಾಡಿಟ್ಟ ಬೇರೊಂದು ಪ್ರಯೋಗದ ಡಬ್ಬಿಯೊಂದನ್ನು ತಟ್ಟೆಗೆ ಸುರಿದಳು. ಮಣ್ಣಿಗೆ ಇಷ್ಟು ಬಣ್ಣಗಳಿವೆ ಎಂಬುದನ್ನೇ ಮರೆತಿದ್ದಳು. ಆ ಬಣ್ಣಗಳ ನಡುವೆ ಬೇರುಗಳು. ಎಣಿಸಿದಳು. ಹನ್ನೊಂದು. ಪುಸ್ತಕದಲ್ಲಿ ದಿನಾಂಕ ಹಾಕಿ, 'ಉಳಿದಿದ್ದ ಬೇರು: ಹನ್ನೊಂದು' ಎಂದು ಬರೆದು, ಕೆಳಗೆ ಸಹಿ ಮಾಡಿ ಮೇಡಂ ಮುಂದಿಟ್ಟಳು.

"ಎರಡು ವರ್ಷದ್ದು ಎಲ್ಲಾ ಮತ್ತೆ ನೋಡ್ತೀನಿ. ನೂರ ನಲವತ್ತು ಡಬ್ಬಿ ಇದೆ."

"ಅಕ್ಕ, ಅದರಿಂದ ಹೆಚ್ಚಂದ್ರೆ ಪಾಯಿಂಟ್ ಎರಡು ಬದಲಾಗುತ್ತೆ. ಬೇಡ ಬಿಡಿ."

"ನೀವು ಬೇಡ ಅನ್ನಿ. ನನಗೆ ಮನೇಲಿ ಕೂರೋಕಾಗಲ್ಲ."

ಅಂದಿನಿಂದ ದಿನವೂ ಬೇರೆಯವರಿಗಿಂತ ಅರ್ಧ ಗಂಟೆ ಮೊದಲು ಬಂದು ಒಂದೊಂದು ಡಬ್ಬಿ ಮುಗಿಸತೊಡಗಿದಳು. ಎಡಗಣ್ಣಿನ ಆಪರೇಷನ್ನಿಗೆ ದಿನ ಗೊತ್ತಾದಾಗ ಮೂವತ್ತೆಂಟು ಡಬ್ಬಿ ಆಗಿತ್ತು. ಆ ವಾರವನ್ನು ಹೇಗೆ ಕಳೆಯುವುದು ಎಂಬ ಚಿಂತೆಯಲ್ಲೇ ಅವಳು ಮೂವತ್ತೊಂಬತ್ತನೆಯದರ ಮುಚ್ಚಳ ತಿರುಗಿಸಿದಳು.